ಕಿಡಿ ಕಾಣದಿದ್ದರೆ ಕರೆಂಟ್ ಇಲ್ಲವೇ? ಹಳ್ಳಿಯ ವಿದ್ಯುತ್ ತಂತಿಗಳ ಬಗ್ಗೆ ನಂಬಬಾರದ ಎಂಟು ಮಾತುಗಳು

ಭರಣಿ ಮಳೆಯ ಗಾಳಿ ಎದ್ದರೆ ಸಾಕು, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ವಾಟ್ಸಾಪ್ ಗುಂಪುಗಳಲ್ಲಿ ಮುರಿದ ಕಂಬದ, ಜೋತುಬಿದ್ದ ತಂತಿಯ ಫೋಟೊಗಳು ಓಡಾಡತೊಡಗುತ್ತವೆ. ಅವುಗಳ ಜೊತೆಗೆ ಸಲಹೆಗಳೂ ಬರುತ್ತವೆ. ‘ಕಿಡಿ ಬರದಿದ್ದರೆ ತಂತಿಯಲ್ಲಿ ಕರೆಂಟ್ ಇಲ್ಲ’, ‘ಒಣ ಕೋಲಿನಿಂದ ಸರಿಸಿದರೆ ಏನೂ ಆಗಲ್ಲ’, ‘ಶಾಕ್ ಹೊಡೆದವರನ್ನು ಮಣ್ಣಲ್ಲಿ ಹೂತರೆ ಜೀವ ಬರುತ್ತೆ’. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಬೇರೆ ವಿಷಯದ ಸುಳ್ಳು ಫಾರ್ವರ್ಡ್ ನಂಬಿದರೆ ಹಣವೋ ಮಾನವೋ ಹೋಗಬಹುದು. ಇಲ್ಲಿ ಜೀವವೇ ಹೋಗುತ್ತದೆ, ಕಾಪಾಡಲು ಓಡಿದವರ ಜೀವವೂ ಸೇರಿ. ಹಾಗಾಗಿ ಹೆಚ್ಚಾಗಿ ಕೇಳಿಬರುವ ಎಂಟು ಮಾತುಗಳನ್ನು ಆರಿಸಿಕೊಂಡು ಒಂದೊಂದಾಗಿ ನೋಡೋಣ.

ಮೊದಲು ಸ್ವಲ್ಪ ಲೆಕ್ಕ

ನಮ್ಮ ಊರುಗಳಲ್ಲಿ ಕಣ್ಣಿಗೆ ಬೀಳುವ ತಂತಿಗಳು ಮುಖ್ಯವಾಗಿ ಮೂರು ಬಗೆ. ಮನೆಗೆ, ಪಂಪ್‌ಸೆಟ್ಟಿಗೆ ಬರುವುದು ಎಲ್‌ಟಿ ಲೈನು. ಇದರಲ್ಲಿ ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಊರಾಚೆಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್‌ವರೆಗೆ ಬರುವುದು 11 ಕೆ.ವಿ. ಲೈನು. ಅದರಲ್ಲಿರುವುದು 11,000 ವೋಲ್ಟ್. ದೊಡ್ಡ ಕಬ್ಬಿಣದ ಗೋಪುರಗಳ ಮೇಲೆ ಹೋಗುವುದು 66 ಕೆ.ವಿ.ಯಿಂದ 400 ಕೆ.ವಿ.ವರೆಗಿನ ಲೈನುಗಳು. ಹಿರಿಯೂರಿನಲ್ಲಿ 400 ಕೆ.ವಿ. ಸ್ಟೇಷನ್ ಇರುವುದರಿಂದ, ಚಿತ್ರದುರ್ಗದ ಗುಡ್ಡಗಳ ತುಂಬ ಗಾಳಿಯಂತ್ರಗಳಿರುವುದರಿಂದ ನಮ್ಮ ಹೊಲಗಳ ಮೇಲೆ ಇಂಥ ಲೈನುಗಳು ಸಾಕಷ್ಟು ಹಾದುಹೋಗಿವೆ.

ಮನುಷ್ಯನನ್ನು ಕೊಲ್ಲಲು ಎಷ್ಟು ಕರೆಂಟ್ ಬೇಕು? ನಾವು ಅಂದುಕೊಂಡಷ್ಟಲ್ಲ. 1 ಮಿಲಿ ಆಂಪಿಯರ್, ಅಂದರೆ ಆಂಪಿಯರಿನ ಸಾವಿರದಲ್ಲಿ ಒಂದು ಭಾಗ ಹರಿದರೆ ಚುಮುಚುಮು ಎನ್ನುತ್ತದೆ. 10 ಮಿಲಿ ಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ಅದನ್ನೇ ಜನ ‘ಕರೆಂಟ್ ಎಳೆದುಕೊಂಡಿತು’ ಅನ್ನುವುದು. ಕರೆಂಟ್ ಯಾರನ್ನೂ ಎಳೆಯುವುದಿಲ್ಲ, ನಮ್ಮ ಮುಷ್ಟಿಯೇ ತೆರೆಯದೆ ಹೋಗುತ್ತದೆ. 30 ಮಿಲಿ ಆಂಪಿಯರ್ ಮೀರಿದರೆ ಉಸಿರಿಗೆ, ಹೃದಯಕ್ಕೆ ಅಪಾಯ. 100ರ ಆಸುಪಾಸಿನಲ್ಲಿ ಹೃದಯದ ಬಡಿತ ತಾಳತಪ್ಪಿ, ರಕ್ತ ದೂಡುವುದನ್ನೇ ನಿಲ್ಲಿಸಬಹುದು. 25 ವ್ಯಾಟಿನ ಹಳೆಯ ಕಾಲದ ಬಲ್ಬು ಉರಿಯಲು ಸುಮಾರು 110 ಮಿಲಿ ಆಂಪಿಯರ್ ಬೇಕು. ಒಂದು ಮಂದ ಬಲ್ಬಿಗೆ ಸಾಕಾಗುವಷ್ಟು ಕರೆಂಟು ಒಂದು ಜೀವಕ್ಕೂ ಸಾಕು.

ಒದ್ದೆ ಮೈಯ ತಡೆ ಸುಮಾರು 1,000 ಓಮ್ ಎಂದು ಲೆಕ್ಕ ಹಿಡಿಯುತ್ತಾರೆ. 230 ವೋಲ್ಟನ್ನು ಅದರಿಂದ ಭಾಗಿಸಿದರೆ 230 ಮಿಲಿ ಆಂಪಿಯರ್. ಅಂದರೆ ಒದ್ದೆ ಕಾಲಲ್ಲಿ ನಿಂತವರಿಗೆ ಮನೆಯ ಕರೆಂಟೇ ಸಾಕಾಗಿ ಮಿಕ್ಕುತ್ತದೆ. ಈ ಲೆಕ್ಕ ನೆನಪಿದ್ದರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಮಾತು 1: ‘ಬಿದ್ದ ತಂತಿಯಲ್ಲಿ ಕಿಡಿ, ಸದ್ದು ಇಲ್ಲದಿದ್ದರೆ ಕರೆಂಟ್ ಇಲ್ಲ’

ಪೂರ್ತಿ ತಪ್ಪು. ಎಲ್ಲಕ್ಕಿಂತ ಅಪಾಯದ ಮಾತೂ ಇದೇ.

ತಂತಿ ತುಂಡಾಗಿ ನೆಲಕ್ಕೆ ಬಿದ್ದ ಕೂಡಲೇ ಸ್ಟೇಷನ್ನಿನಲ್ಲಿ ಲೈನು ತಾನಾಗಿ ಬಂದ್ ಆಗಬೇಕು ಎಂಬುದು ವ್ಯವಸ್ಥೆಯ ಉದ್ದೇಶ. ಆದರೆ ಅದಕ್ಕೆ ನೆಲದೊಳಗೆ ಸಾಕಷ್ಟು ಕರೆಂಟ್ ಹರಿಯಬೇಕು. ಒಣಗಿದ ಮರಳು, ಕಲ್ಲುನೆಲ, ಹುಲ್ಲಿನ ಮೆದೆ, ಟಾರು ರಸ್ತೆ ಇವುಗಳ ಮೇಲೆ ಬಿದ್ದಾಗ ಹರಿಯುವ ಕರೆಂಟ್ ತೀರ ಕಡಿಮೆ. ಸ್ಟೇಷನ್ನಿನ ಯಂತ್ರಕ್ಕೆ ಅದು ಒಂದು ಮೋಟಾರ್ ಚಾಲೂ ಆದಂತೆ ಕಾಣಬಹುದು, ಲೈನು ಬಂದ್ ಆಗದೆ ಹಾಗೇ ಉಳಿಯಬಹುದು. ಚಿತ್ರದುರ್ಗ ಜಿಲ್ಲೆಯ ಕಲ್ಲು, ಮರಳು ಮಿಶ್ರಿತ ಒಣಭೂಮಿಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಟಿಸಿಯ ಫ್ಯೂಸಿಗೆ ಯಾರಾದರೂ ದಪ್ಪ ತಂತಿ ಸುತ್ತಿಟ್ಟಿದ್ದರೆ ಎಲ್‌ಟಿ ಲೈನಿನಲ್ಲೂ ಇದೇ ಕಥೆ: ಸುಟ್ಟುಹೋಗಿ ಜೀವ ಉಳಿಸಬೇಕಾದ ಫ್ಯೂಸ್ ಸುಡುವುದೇ ಇಲ್ಲ.

ಇನ್ನೊಂದು ವಿಷಯ. ಬಂದ್ ಆದ ಲೈನನ್ನು ಕೆಲವೇ ಸೆಕೆಂಡು ಅಥವಾ ನಿಮಿಷಗಳಲ್ಲಿ ಮತ್ತೆ ಚಾರ್ಜ್ ಮಾಡಿ ನೋಡುವ ಪದ್ಧತಿ ಇದೆ. ತಂತಿ ಬಿದ್ದ ಸುದ್ದಿ ಸ್ಟೇಷನ್ನಿಗೆ ತಲುಪಿಲ್ಲದಿದ್ದರೆ, ಈಗ ಸತ್ತಂತೆ ಬಿದ್ದಿರುವ ತಂತಿಗೆ ಮರುಕ್ಷಣ ಜೀವ ಬರಬಹುದು.

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿಯನ್ನು ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಸಾವನ್ನಪ್ಪಿದರು. ಕಾಪಾಡಲು ಹೋದ ಗಂಡನಿಗೂ ಗಾಯಗಳಾದವು. ದೀಪಗಳಿರುವ ಮಹಾನಗರದಲ್ಲೇ ಹೀಗಾದರೆ, ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ಮೋಟಾರ್ ಚಾಲೂ ಮಾಡಲು ಹೋಗುವವರ ಪಾಡೇನು? ಬಿದ್ದ ತಂತಿ ಕಿಡಿ ಹಾರಿಸಿ ಎಚ್ಚರಿಸುತ್ತದೆ ಎಂದು ಕಾಯಬೇಡಿ.

ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್, ಅಂದರೆ ಹದಿನೈದು ಹೆಜ್ಜೆಯಾದರೂ ದೂರ ನಿಲ್ಲಿ. ಮುಟ್ಟದಿದ್ದರೂ ಯಾಕೆ ದೂರ? ತಂತಿ ನೆಲ ಮುಟ್ಟಿದ ಜಾಗದಲ್ಲಿ ವೋಲ್ಟೇಜ್ ಹೆಚ್ಚು, ದೂರ ಹೋದಂತೆ ಕಡಿಮೆ. ನಿಮ್ಮ ಒಂದು ಕಾಲು ಹೆಚ್ಚಿನ ಜಾಗದಲ್ಲಿ, ಇನ್ನೊಂದು ಕಾಲು ಕಡಿಮೆಯ ಜಾಗದಲ್ಲಿದ್ದರೆ ಎರಡು ಕಾಲುಗಳ ನಡುವೆ ಕರೆಂಟ್ ಹರಿಯುತ್ತದೆ. ಹೆಜ್ಜೆ ದೊಡ್ಡದಾದಷ್ಟೂ ಪೆಟ್ಟು ದೊಡ್ಡದು. ಎತ್ತು, ಎಮ್ಮೆಗಳ ಮುಂಗಾಲು ಹಿಂಗಾಲುಗಳ ಅಂತರ ನಮ್ಮ ಹೆಜ್ಜೆಗಿಂತ ಹೆಚ್ಚು, ಅವುಗಳ ನಡುವೆಯೇ ಹೃದಯವೂ ಇದೆ. ಆದ್ದರಿಂದಲೇ ತಂತಿ ಬಿದ್ದ ಹೊಲದಲ್ಲಿ ಆಳು ಉಳಿದರೂ ಜೋಡೆತ್ತು ಉಳಿಯುವುದಿಲ್ಲ. ಗೊತ್ತಿಲ್ಲದೆ ತಂತಿಯ ಹತ್ತಿರ ಬಂದುಬಿಟ್ಟಿದ್ದರೆ ಓಡಬೇಡಿ. ಎರಡೂ ಪಾದ ಜೋಡಿಸಿಕೊಂಡು, ನೆಲದಿಂದ ಎತ್ತದೆ, ಇಂಚಿಂಚೇ ಜರುಗುತ್ತ ಹಿಂದಕ್ಕೆ ಬನ್ನಿ.

ಮಾತು 2: ‘ಊರಲ್ಲಿ ಕರೆಂಟ್ ಹೋಗಿದೆ, ಈಗ ತಂತಿ ಮುಟ್ಟಬಹುದು’

ತಪ್ಪು. ಮನೆಯ ಬಲ್ಬ್ ಆರಿದ್ದು ಹೊಲದ ತಂತಿಯ ಸುದ್ದಿ ಹೇಳುವುದಿಲ್ಲ.

ನಿರಂತರ ಜ್ಯೋತಿ ಯೋಜನೆಯಿಂದ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಮನೆಗಳ ಲೈನನ್ನೂ ಪಂಪ್‌ಸೆಟ್‌ಗಳ ಲೈನನ್ನೂ ಬೇರೆ ಬೇರೆ ಮಾಡಲಾಗಿದೆ. ಊರಿನ ಫೀಡರ್ ಬಂದ್ ಆಗಿರುವಾಗ ತೋಟದ ಫೀಡರ್‌ನಲ್ಲಿ ತ್ರೀ ಫೇಸ್ ಓಡುತ್ತಿರಬಹುದು. ಎರಡು ಫೀಡರ್‌ಗಳು ಒಂದೇ ಕಂಬದ ಮೇಲೆ ಹೋಗಿರುವ ಜಾಗಗಳೂ ಇವೆ.

ತ್ರೀ ಫೇಸ್ ಹೋದರೂ ಅಪಾಯ ಹೋಗುವುದಿಲ್ಲ. ಸಿಂಗಲ್ ಫೇಸಿನಲ್ಲೇ ಮೋಟಾರ್ ಓಡಿಸಲು ಯಾರಾದರೂ ಕೆಪಾಸಿಟರ್ ಹಾಕಿಕೊಂಡಿದ್ದರೆ, ಕರೆಂಟ್ ಇಲ್ಲದ ಫೇಸಿನ ತಂತಿಗೂ ಅವರ ಮೋಟಾರಿನಿಂದ ಕರೆಂಟ್ ವಾಪಸ್ ಬರಬಹುದು. ಮದುವೆ ಮನೆಯಲ್ಲಿ, ಕೋಳಿ ಫಾರ್ಮಿನಲ್ಲಿ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಿದರೆ ಇನ್ನೂ ಅಪಾಯ. ಟಿಸಿ 11,000 ವೋಲ್ಟನ್ನು 400ಕ್ಕೆ ಇಳಿಸುವಂತೆಯೇ, ಹಿಂದಿನಿಂದ 400 ಕೊಟ್ಟರೆ ಅದನ್ನು 11,000ಕ್ಕೆ ಏರಿಸುತ್ತದೆ. ಲೈನ್ ಬಂದ್ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವ ನಿಮ್ಮ ಜನರೇಟರಿನ ಕೈಯಲ್ಲಿರುತ್ತದೆ.

ಆಟೋ ಸ್ಟಾರ್ಟರ್, ಮೊಬೈಲ್ ಸ್ಟಾರ್ಟರ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ಕರೆಂಟ್ ಇಲ್ಲವೆಂದು ಡಬ್ಬಿ ತೆರೆದು ತಂತಿ ಬಿಗಿಮಾಡುತ್ತಿರುವಾಗ ತ್ರೀ ಫೇಸ್ ಬಂದರೆ ಯಾರನ್ನೂ ಕೇಳದೆ ಮೋಟಾರ್ ಚಾಲೂ ಆಗುತ್ತದೆ. ಮೇನ್ ಸ್ವಿಚ್ ಕೆಳಗೆ ಹಾಕಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ಕೈ ಹಚ್ಚಿ.

ಮಾತು 3: ‘ಒಣ ಕೋಲು, ರಬ್ಬರ್ ಚಪ್ಪಲಿ ಇದ್ದರೆ ಭಯವಿಲ್ಲ’

ಅರ್ಧ ನಿಜ. ಆದರೆ ಸುಳ್ಳಿನ ಅರ್ಧವೇ ಜೀವ ತೆಗೆಯುವುದು.

ಮನೆಯೊಳಗೆ 230 ವೋಲ್ಟಿನ ವೈರು ಹಿಡಿದು ಒದ್ದಾಡುತ್ತಿರುವವರನ್ನು ಬಿಡಿಸಲು ಮೊದಲು ಮೇನ್ ಆಫ್ ಮಾಡಬೇಕು. ಅದು ಕೈಗೆಟುಕದಿದ್ದಾಗ ಮಾತ್ರ ಒಣಗಿದ ಹಲಗೆ ಅಥವಾ ಪ್ಲಾಸ್ಟಿಕ್ ಮಣೆಯ ಮೇಲೆ ನಿಂತು, ಒಣ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ತಳ್ಳಬಹುದು. ಇದಿಷ್ಟು ನಿಜ.

11 ಕೆ.ವಿ. ತಂತಿಗೆ ಈ ಉಪಾಯ ನಡೆಯುವುದಿಲ್ಲ. ಒಣ ಎನಿಸುವ ಕೋಲಿನಲ್ಲೂ ತೇವ ಇರುತ್ತದೆ. 230 ವೋಲ್ಟಿಗೆ ಅದು ತಡೆ, 11,000 ವೋಲ್ಟಿಗೆ ಅದೇ ದಾರಿ. ಹವಾಯಿ ಚಪ್ಪಲಿಯಲ್ಲಿ ತೂತು, ಮೊಳೆ, ಕೆಸರು, ಬೆವರು ಎಲ್ಲ ಇರುತ್ತವೆ. ಲೈನ್ ಕೆಲಸದವರ ಕೈಗವಸು ಇಷ್ಟು ವೋಲ್ಟಿಗೆ ಎಂದು ಪರೀಕ್ಷೆ ಮಾಡಿ ಗುರುತು ಹಾಕಿದ ವಸ್ತು. ನಮ್ಮ ಚಪ್ಪಲಿಗೆ ಅಂಥ ಯಾವ ಪರೀಕ್ಷೆಯೂ ಇಲ್ಲ. ಕೆಳಗೆ ಬಿದ್ದ ತಂತಿ 230 ವೋಲ್ಟಿನದೋ 11,000 ವೋಲ್ಟಿನದೋ ಎಂದು ನೋಡಿ ಹೇಳುವುದು ಕಷ್ಟ. ಮೇಲಿನ ತಂತಿ ತುಂಡಾಗಿ ಕೆಳಗಿನ ತಂತಿಯ ಮೇಲೆ ಬಿದ್ದಿದ್ದರೆ ಮನೆಯ ಲೈನಿಗೇ 11 ಕೆ.ವಿ. ಬಂದಿರಬಹುದು. ಹಾಗಾಗಿ ನಿಯಮ ಒಂದೇ: ಕಂಬದಿಂದ ಬಿದ್ದ ತಂತಿಯನ್ನು ಯಾವ ಕೋಲಿನಿಂದಲೂ ಸರಿಸಬೇಡಿ.

ಮರದ ಕೊಂಬೆಗೂ ಇದೇ ಮಾತು. ‘ಮರ ತಾನೇ, ಕರೆಂಟ್ ಹರಿಯಲ್ಲ’ ಎಂದು ತಂತಿಗೆ ತಾಗಿದ ಹಸಿ ಕೊಂಬೆ ಕಡಿಯಲು ಹತ್ತಬೇಡಿ. ಹಸಿ ಮರದ ತುಂಬ ನೀರಿದೆ. ಮಳೆಯಲ್ಲಿ ನೆನೆದ ಬೇವು, ಹುಣಸೆ, ತೆಂಗಿನ ಗರಿ ಎಲ್ಲವೂ ಕರೆಂಟ್ ಒಯ್ಯುತ್ತವೆ.

ಮಾತು 4: ‘ಫೈಬರ್ ದೋಟಿಗೆ ಕರೆಂಟ್ ಹತ್ತಲ್ಲ’

ತಪ್ಪು. ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟದವರು, ಹಿರಿಯೂರಿನ ತೆಂಗಿನ ತೋಟದವರು ಇದನ್ನು ಎರಡು ಸಲ ಓದಬೇಕು.

ಅಲ್ಯೂಮಿನಿಯಂ ದೋಟಿಯ ಅಪಾಯ ಎಲ್ಲರಿಗೂ ಗೊತ್ತು. ವಿದ್ಯುತ್ ತಂತಿಯನ್ನೂ ಅಲ್ಯೂಮಿನಿಯಂನಿಂದಲೇ ಮಾಡುವುದು. ಅಂಥ ದೋಟಿ ತಂತಿಗೆ ತಾಗಿ ಅಡಿಕೆ ಕೊಯ್ಯುವವರು ಸತ್ತ ಸುದ್ದಿ ಕರ್ನಾಟಕದ ಅಡಿಕೆ ಸೀಮೆಗಳಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ಇತ್ತೀಚಿನ ವರ್ಷಗಳಲ್ಲಿ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ‘ಫೈಬರ್’ ಎಂಬ ಹೆಸರು ಕೇಳಿ ಪ್ಲಾಸ್ಟಿಕ್‌ನಂತೆ ಇದೂ ಕರೆಂಟ್ ತಡೆಯುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಕಾರ್ಬನ್ ವಿದ್ಯುತ್ ಹರಿಸುವ ವಸ್ತು. ಟಾರ್ಚ್ ಸೆಲ್ಲಿನ ನಡುವಿನ ಕಪ್ಪು ಕಡ್ಡಿ ಕಾರ್ಬನ್ನಿನದೇ. ಗ್ಲಾಸ್ ಫೈಬರ್ ಬೇರೆ, ಕಾರ್ಬನ್ ಫೈಬರ್ ಬೇರೆ. ಗ್ಲಾಸ್ ಫೈಬರ್ ಕೂಡ ಒಣಗಿ, ಸ್ವಚ್ಛವಾಗಿದ್ದಾಗ ಮಾತ್ರ ತಡೆ. ಅದರ ಮೇಲೆ ನೀರು, ದೂಳು ಕೂತರೆ ಆ ಭರವಸೆಯೂ ಇಲ್ಲ. ಬಿದಿರಿನ ದೋಟಿ ಹಸಿಯಾಗಿದ್ದರೆ ಅದಕ್ಕೂ ಕರೆಂಟ್ ಹತ್ತುತ್ತದೆ.

ಲೆಕ್ಕ ನೋಡಿ. ಬಯಲಿನಲ್ಲಿ 11 ಕೆ.ವಿ. ತಂತಿಯ ಕೆಳಭಾಗ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ 15 ಅಡಿ ಎತ್ತರದಲ್ಲಿರಬೇಕು ಎನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ರಸ್ತೆ ದಾಟುವಲ್ಲಿ 6.1 ಮೀಟರ್. ದೋಟಿಯ ಉದ್ದ 40 ಅಡಿಯಿಂದ 60 ಅಡಿ. ನಿಯಮದ ಪ್ರಕಾರ ಎತ್ತರ ಸರಿಯಾಗಿರುವ ತಂತಿಯೂ ದೋಟಿಗೆ ಅರ್ಧ ದಾರಿಯಲ್ಲೇ ಸಿಗುತ್ತದೆ. ಕೊಯ್ಯುವವರ ಕಣ್ಣು ಗೊನೆಯ ಮೇಲಿರುತ್ತದೆ, ತಂತಿಯ ಮೇಲಲ್ಲ. ಗೊನೆ ಬಿದ್ದಾಗ ದೋಟಿ ಪಕ್ಕಕ್ಕೆ ವಾಲುತ್ತದೆ.

ಆದ್ದರಿಂದ ತಂತಿಯ ಸಾಲಿನ ಅಕ್ಕಪಕ್ಕ ಇರುವ ಮರಗಳಿಗೆ ಸುಣ್ಣದ ಪಟ್ಟಿ ಬಳಿದು ಗುರುತು ಮಾಡಿ. ದೋಟಿ ಬಿದ್ದರೂ ತಂತಿಗೆ ತಾಗದಷ್ಟು ದೂರದವರೆಗಿನ ಎಲ್ಲ ಮರಗಳಿಗೂ ಗುರುತು ಇರಲಿ. ಆ ಮರಗಳ ಕೊಯ್ಲನ್ನು ಬೆಸ್ಕಾಂ ಸೆಕ್ಷನ್ ಆಫೀಸಿಗೆ ತಿಳಿಸಿ, ಲೈನ್ ಬಂದ್ ಆಗಿದೆ ಎಂದು ಅವರು ಖಾತ್ರಿ ಕೊಟ್ಟ ಮೇಲೆ ಒಂದೇ ದಿನ ಮುಗಿಸಿಕೊಳ್ಳಿ. ಕೊಯ್ಯುವ ಗುತ್ತಿಗೆಯವರು ಬೇರೆ ಊರಿನಿಂದ ಬಂದಿರುತ್ತಾರೆ, ತಂತಿ ಎಲ್ಲಿ ಹೋಗಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಕೆಲಸ ಶುರುವಾಗುವ ಮುಂಚೆ ತೋಟದ ಯಜಮಾನರೇ ತೋರಿಸಬೇಕು.

ಬೋರ್‌ವೆಲ್ ಇರುವ ಕಡೆಯೂ ಇದೇ ಎಚ್ಚರ. ಮೋಟಾರ್ ಎತ್ತುವಾಗ ಹೊರಬರುವ ಜಿಐ ಪೈಪ್ ಒಂದೊಂದೂ 20 ಅಡಿ. ಅದನ್ನು ನೆಟ್ಟಗೆ ನಿಲ್ಲಿಸಿದರೆ 15 ಅಡಿಯ ತಂತಿಯನ್ನು ದಾಟಿಯೇ ಹೋಗುತ್ತದೆ. ಲೈನಿನ ಕೆಳಗೆ ಬೋರ್ ಪಾಯಿಂಟ್ ಹಾಕಿಸಲೇಬೇಡಿ. ಈಗಾಗಲೇ ಇದ್ದರೆ ಲೈನ್ ಬಂದ್ ಮಾಡಿಸದೆ ಪೈಪ್ ಎತ್ತಬೇಡಿ.

ಮಾತು 5: ‘ಹಕ್ಕಿ ಕೂರುತ್ತದೆ, ಏನೂ ಆಗಲ್ಲ, ತಂತಿಯೇ ಅಪಾಯವಲ್ಲ’

ಹಕ್ಕಿ ಬದುಕುವುದು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಹಕ್ಕಿಯ ಎರಡೂ ಕಾಲು ಒಂದೇ ತಂತಿಯ ಮೇಲಿವೆ, ಅದು ನೆಲವನ್ನಾಗಲಿ ಇನ್ನೊಂದು ತಂತಿಯನ್ನಾಗಲಿ ಮುಟ್ಟಿಲ್ಲ. ಕರೆಂಟ್ ಹರಿದುಹೋಗಲು ದಾರಿಯಿಲ್ಲ. ಅದೇ ಕಾಗೆ ಟಿಸಿಯ ಮೇಲೆ ಕೂತು ರೆಕ್ಕೆ ಅಗಲಿಸಿ ಎರಡು ತಂತಿಗೆ ತಾಗಿಸಿದರೆ ಕ್ಷಣದಲ್ಲಿ ಸಾಯುತ್ತದೆ. ನಾವು ನೆಲದ ಮೇಲೆ ನಿಂತವರು. ನಮ್ಮ ಕೈಯಲ್ಲಿರುವ ಪೈಪು, ಏಣಿ, ದೋಟಿ ತಂತಿಗೆ ತಾಗಿದರೆ ತಂತಿಯಿಂದ ನೆಲಕ್ಕೆ ದಾರಿ ನಾವೇ.

ಹೀಗೆ ಲೋಹದ ಕಂಬ ಎತ್ತುವಾಗ ಆದ ಸಾವುಗಳು ನಮ್ಮ ರಾಜ್ಯದಲ್ಲಿ ಕಡಿಮೆಯಿಲ್ಲ. 2019ರ ಆಗಸ್ಟ್ 18ರಂದು ಕೊಪ್ಪಳದ ಹಾಸ್ಟೆಲೊಂದರಲ್ಲಿ ಸ್ವಾತಂತ್ರ್ಯ ದಿನಕ್ಕೆ ನಿಲ್ಲಿಸಿದ್ದ ಬಾವುಟದ ಕಂಬ ತೆಗೆಯುವಾಗ ಅದು ತಂತಿಗೆ ತಾಗಿ 5 ವಿದ್ಯಾರ್ಥಿಗಳು ತೀರಿಕೊಂಡರು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ 3 ಯುವಕರು ಸತ್ತರು. 2022ರ ಏಪ್ರಿಲ್ 27ರಂದು ತಮಿಳುನಾಡಿನ ತಂಜಾವೂರು ಬಳಿಯ ಕಳಿಮೇಡಿನಲ್ಲಿ ತೇರು ತಂತಿಗೆ ತಾಗಿ 11 ಜನ ಹೋದರು. ನಮ್ಮಲ್ಲೂ ತೇರು, ಗಣಪತಿ ಮೆರವಣಿಗೆ, ಮೈಕು ಕಂಬ, ಫ್ಲೆಕ್ಸ್ ಯಾವುದಕ್ಕೂ ಕೊರತೆಯಿಲ್ಲ. ಮೂರ್ತಿಯ ಎತ್ತರದ ಜೊತೆ ಟ್ರ್ಯಾಕ್ಟರ್ ಟ್ರೈಲರಿನ ಎತ್ತರ, ಮೇಲಿನ ಛತ್ರಿಯ ಎತ್ತರ ಕೂಡಿಸಿ ನೋಡಿ, ಮೆರವಣಿಗೆಯ ದಾರಿಯನ್ನು ಹಿಂದಿನ ದಿನವೇ ಲೈನ್‌ಮನ್ ಜೊತೆ ನಡೆದು ಬನ್ನಿ.

ರಾಗಿ ಹುಲ್ಲು, ಮೆಕ್ಕೆಜೋಳದ ಸೆಪ್ಪೆ ತುಂಬಿದ ಟ್ರ್ಯಾಕ್ಟರ್ ತಂತಿಗೆ ಸಿಕ್ಕಿಕೊಂಡರೆ ಚಾಲಕ ಕೆಳಗಿಳಿಯಬಾರದು. ಒಂದು ಕಾಲು ಗಾಡಿಯ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟ ಕ್ಷಣವೇ ಅಪಾಯದ ಕ್ಷಣ. ಸೀಟಿನಲ್ಲೇ ಕೂತು ಬೇರೆಯವರನ್ನು ದೂರ ನಿಲ್ಲಿಸಿ, 1912ಕ್ಕೆ ಕರೆ ಮಾಡಿಸಿ. ಬೆಂಕಿ ಹತ್ತಿಕೊಂಡು ಇಳಿಯಲೇಬೇಕಾದರೆ ಗಾಡಿಯನ್ನು ಹಿಡಿಯದೆ, ಎರಡೂ ಪಾದ ಜೋಡಿಸಿ ನೆಲಕ್ಕೆ ಹಾರಿ, ಹಾಗೇ ಪಾದ ಜರುಗಿಸುತ್ತ ದೂರ ಹೋಗಿ.

ಮಾತು 6: ‘ಮನೆಗೆ ಎಂಸಿಬಿ ಹಾಕಿಸಿದ್ದೇವೆ, ಶಾಕ್ ಹೊಡೆಯಲ್ಲ’

ತಪ್ಪು. ಎಂಸಿಬಿ ಇರುವುದು ವೈರು ಸುಡದಿರಲಿ ಎಂದು. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ 16,000 ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ನಮ್ಮನ್ನು ಕೊಲ್ಲಲು 100 ಸಾಕು. ನೀವು ಒದ್ದಾಡುತ್ತಿದ್ದರೂ ಎಂಸಿಬಿಗೆ ಅದೊಂದು ಸಣ್ಣ ಬಲ್ಬು.

ಮನುಷ್ಯನನ್ನು ಉಳಿಸಲು ಇರುವ ಸಾಧನದ ಹೆಸರು ಆರ್‌ಸಿಸಿಬಿ. ಹೋದ ಕರೆಂಟ್ ಅಷ್ಟೇ ವಾಪಸ್ ಬರುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ. ನಿಮ್ಮ ಮೈಮೂಲಕ ನೆಲಕ್ಕೆ 30 ಮಿಲಿ ಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟ್ ಕಡಿದುಹಾಕುತ್ತದೆ. ಮನೆಗೆ ತರುವಾಗ ‘30 ಮಿಲಿ ಆಂಪಿಯರಿನದು’ ಎಂದೇ ಕೇಳಿ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ನೋಡಿ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಇದೂ ಉಳಿಸುವುದಿಲ್ಲ, ಏಕೆಂದರೆ ಆಗ ಕರೆಂಟ್ ನೆಲಕ್ಕೆ ಸೋರುವುದೇ ಇಲ್ಲ.

ಇದರ ಜೊತೆ ಅರ್ಥಿಂಗ್ ಬೇಕು. ಸ್ಟಾರ್ಟರಿನ ಕಬ್ಬಿಣದ ಡಬ್ಬಿ, ಮೋಟಾರಿನ ಮೈ ಎರಡಕ್ಕೂ ಅರ್ಥಿಂಗ್ ತಂತಿ ಹೋಗಿರಬೇಕು. ಬೇಸಿಗೆಯಲ್ಲಿ ನಮ್ಮ ನೆಲ ಒಣಗಿ ಅರ್ಥಿಂಗ್ ಕೆಲಸ ಮಾಡುವುದು ಕಡಿಮೆಯಾಗುತ್ತದೆ. ಆ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ರಾತ್ರಿ ಪಾಳಿಯ ತ್ರೀ ಫೇಸಿಗೆ ಮೋಟಾರ್ ಹಾಕಲು ಹೋಗುವವರು ಟಾರ್ಚ್ ಹಿಡಿದು ದಾರಿಯನ್ನು, ಮೇಲಿನ ತಂತಿಯನ್ನು ನೋಡಿಕೊಂಡು ಹೋಗಿ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಡಿ. ಡಬ್ಬಿಯ ಮುಂದೆ ನೀರು ನಿಲ್ಲದಂತೆ ಒಂದು ಒಣ ಹಲಗೆಯನ್ನೋ ರಬ್ಬರ್ ಹಾಸನ್ನೋ ಹಾಕಿಡಿ. ಟಿಸಿಯಲ್ಲಿ ಫ್ಯೂಸ್ ಹೋದರೆ ಕೋಲು ಹಿಡಿದು ನೀವೇ ಹಾಕಲು ಹೋಗಬೇಡಿ. ಬೆಳೆಗೆ ಒಂದು ದಿನ ನೀರು ತಡವಾದರೆ ತಾಳುತ್ತದೆ.

ಮಾತು 7: ‘ಹಂದಿ ಕಾಟಕ್ಕೆ ಬೇಲಿಗೆ ಸ್ವಲ್ಪವೇ ಕರೆಂಟ್ ಕೊಟ್ಟರೆ ಸಾಯುವಂಥದ್ದೇನಿಲ್ಲ’

ತಪ್ಪು, ಅಪರಾಧವೂ ಹೌದು. ಲೈನಿನಿಂದ ಬೇಲಿಗೆ ‘ಸ್ವಲ್ಪ’ ಕರೆಂಟ್ ಕೊಡಲು ಬರುವುದಿಲ್ಲ. 230 ವೋಲ್ಟ್ ಪೂರ್ತಿ ಬರುತ್ತದೆ, ನಿಲ್ಲದೆ ಬರುತ್ತದೆ. ಹಿಡಿದವರ ಕೈ ಬಿಡುವುದಿಲ್ಲ.

‘ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇರುತ್ತಲ್ಲ?’ ಎಂದು ಕೆಲವರು ಕೇಳುತ್ತಾರೆ. ಹೌದು, ಆದರೆ ಅದು ಸೆಕೆಂಡಿಗೆ ಒಂದು ಸಲದಂತೆ, ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಬರುವ ಹೊಡೆತ. ಅದರ ಶಕ್ತಿಗೂ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮಿತಿ ಇದೆ. ಎರಡು ಹೊಡೆತಗಳ ನಡುವೆ ಕೈಯೋ ಕಾಲೋ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಲೈನಿನ ಕರೆಂಟಿಗೆ ಆ ಬಿಡುವೇ ಇಲ್ಲ.

ಕಾಡುಹಂದಿಗೆ ಎಂದು ಹಾಕಿದ ತಂತಿಗೆ ಸಿಗುವವರು ಮುಂಜಾನೆ ಹೂ ಕೀಳಲು ಹೋದ ಮನೆಯವರು, ಕುರಿ ಮೇಯಿಸುವ ಹುಡುಗರು, ಪಕ್ಕದ ಹೊಲದವರು, ಹಾಕಿದವರೇ ಮರೆತು ಮುಟ್ಟುವುದೂ ಉಂಟು. ಸತ್ತರೆ ಜಮೀನಿನವರ ಮೇಲೆ ಕ್ರಿಮಿನಲ್ ಮೊಕದ್ದಮೆ ಬೀಳುತ್ತದೆ, ಲೈನಿನಿಂದ ಕರೆಂಟ್ ಕದ್ದ ಮೊಕದ್ದಮೆಯೂ ಸೇರುತ್ತದೆ. ಜೋಗಿಮಟ್ಟಿ ಆಸುಪಾಸಿನಲ್ಲಿ ಕರಡಿ, ಚಿರತೆ ಸಿಕ್ಕಿಹಾಕಿಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬರುತ್ತದೆ.

ಮಾತು 8: ‘ಶಾಕ್ ಹೊಡೆದವರನ್ನು ಮಣ್ಣಿನಲ್ಲಿ, ಸಗಣಿಯಲ್ಲಿ ಹೂತರೆ ಕರೆಂಟ್ ಇಳಿಯುತ್ತದೆ’

ಪೂರ್ತಿ ಸುಳ್ಳು. ತಂತಿಯಿಂದ ಬಿಡಿಸಿದ ಮೇಲೆ ಮೈಯಲ್ಲಿ ಕರೆಂಟ್ ಉಳಿಯುವುದಿಲ್ಲ, ಇಳಿಯಲು ಏನೂ ಇರುವುದಿಲ್ಲ. ಅವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂಬುದೂ ಸುಳ್ಳು, ಬಿಡಿಸಿದ್ದು ಖಾತ್ರಿಯಿದ್ದರೆ ಧೈರ್ಯವಾಗಿ ಮುಟ್ಟಿ. ಹೂಳಲು ಗುಂಡಿ ತೋಡುವ ಹೊತ್ತಿನಲ್ಲಿ ಉಳಿಸಬಹುದಾದ ಜೀವ ಹೋಗುತ್ತದೆ. ಎದೆಯ ಮೇಲೆ ಮಣ್ಣು ಹೇರಿದರೆ ಉಸಿರಾಡುತ್ತಿದ್ದವರ ಉಸಿರೂ ಕಟ್ಟುತ್ತದೆ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ 2022ರಲ್ಲಿ, ನೀರಿನಲ್ಲಿ ಮುಳುಗಿ ಸತ್ತ ಬಾಲಕನ ದೇಹವನ್ನು ಮೊಬೈಲ್‌ನಲ್ಲಿ ಬಂದ ಸಂದೇಶ ನಂಬಿ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟಿದ್ದರು. ಹೆತ್ತವರ ಆಸೆಯನ್ನು ಇಂಥ ಫಾರ್ವರ್ಡ್‌ಗಳು ಬಳಸಿಕೊಳ್ಳುವುದು ಹೀಗೆ.

ಹಾಗಾದರೆ ಏನು ಮಾಡಬೇಕು? ಕ್ರಮವಾಗಿ ಹೇಳುತ್ತೇವೆ.

ಮೊದಲು ಕರೆಂಟ್ ಬಂದ್ ಮಾಡಿ. ಕಂಬದ ತಂತಿಯಾದರೆ 1912ಕ್ಕೆ ಕರೆ ಮಾಡಿ, ಬಂದ್ ಆಯಿತೆಂದು ಅವರು ಹೇಳುವವರೆಗೆ ಹತ್ತಿರ ಹೋಗಬೇಡಿ. ಕಣ್ಣೆದುರು ಮನೆಯವರೇ ಬಿದ್ದಿದ್ದರೂ ಈ ಮಾತು ಬದಲಾಗುವುದಿಲ್ಲ. ಬದಲಾಗಿದ್ದರಿಂದಲೇ ಒಂದೇ ಮನೆಯ ಇಬ್ಬರು ಮೂವರು ಹೋಗುವುದು.

ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ. ಬಿದ್ದವರ ಭುಜ ತಟ್ಟಿ ಕೂಗಿ. ಎಚ್ಚರವಿಲ್ಲದೆ ಉಸಿರೂ ಇಲ್ಲದಿದ್ದರೆ, ಅಥವಾ ಅಪರೂಪಕ್ಕೊಮ್ಮೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ತಡಮಾಡದೆ ಎದೆ ಒತ್ತಲು ಶುರುಮಾಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಒಂದು ಅಂಗೈ ಇಟ್ಟು, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ ಒತ್ತಿ. ದೊಡ್ಡವರಿಗೆ 5 ಸೆಂಟಿಮೀಟರ್, ಅಂದರೆ ಎರಡು ಇಂಚು ಒಳಗೆ ಹೋಗಬೇಕು. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಸೆಕೆಂಡಿಗೆ ಸುಮಾರು ಎರಡು ಸಲ. ತರಬೇತಿ ಇರುವವರು 30 ಸಲ ಒತ್ತಿದ ಮೇಲೆ 2 ಸಲ ಬಾಯಿಂದ ಉಸಿರು ಕೊಡಬಹುದು. ಗೊತ್ತಿಲ್ಲದವರು ಒತ್ತುತ್ತಲೇ ಇರಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ. ಆಂಬುಲೆನ್ಸ್ ಬರುವವರೆಗೆ, ಅಥವಾ ಅವರು ಉಸಿರಾಡುವವರೆಗೆ ನಿಲ್ಲಿಸಬೇಡಿ. ಪಕ್ಕೆಲುಬು ಮುರಿದೀತೆಂದು ಹೆದರಬೇಡಿ, ಮುರಿದ ಮೂಳೆ ಕೂಡುತ್ತದೆ.

ಶಾಕ್ ಹೊಡೆಸಿಕೊಂಡವರು ಎದ್ದು ಕೂತು ‘ಏನಿಲ್ಲ ಬಿಡಿ’ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಚರ್ಮದ ಮೇಲೆ ಕಡಲೆಕಾಳಿನಷ್ಟು ಸುಟ್ಟ ಗುರುತಿದ್ದು ಒಳಗೆ ಸ್ನಾಯು ಬೆಂದಿರಬಹುದು. ಹೃದಯದ ತಾಳ ತಪ್ಪಿದೆಯೇ ಎಂದು ಇಸಿಜಿಯಲ್ಲಿ ನೋಡಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಇಂಕು, ಸಗಣಿ ಹಚ್ಚಬೇಡಿ. ಒಗೆದ ಬಟ್ಟೆ ಮುಚ್ಚಿ ಕರೆದೊಯ್ಯಿರಿ.

ದೂರು ಕೊಡುವುದು ಹೇಗೆ?

ತಂತಿ ಜೋತುಬಿದ್ದಿದೆ, ಕಂಬ ವಾಲಿದೆ, ಟಿಸಿಯ ಡಬ್ಬಿ ಬಾಗಿಲಿಲ್ಲದೆ ಮಕ್ಕಳ ಕೈಗೆ ಸಿಗುವಂತಿದೆ. ಇವನ್ನು ಫೋಟೊ ತೆಗೆದು ಗುಂಪಿಗೆ ಹಾಕಿದರೆ ದೂರು ಕೊಟ್ಟಂತಾಗುವುದಿಲ್ಲ. ಚಿತ್ರದುರ್ಗ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯಲ್ಲಿದೆ, ಅದರ ಸಹಾಯವಾಣಿ 1912. ಕರೆ ಮಾಡುವಾಗ ಊರು, ಹೊಲದ ಗುರುತು, ಕಂಬದ ಅಥವಾ ಟಿಸಿಯ ಮೇಲೆ ಬರೆದಿರುವ ಸಂಖ್ಯೆ ಹೇಳಿ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಆ ಸಂಖ್ಯೆ ಸಮೇತ ಸೆಕ್ಷನ್ ಆಫೀಸಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆ ಅನಾಹುತವಾದರೆ, ಮೊದಲೇ ತಿಳಿಸಿದ್ದೆವು ಎಂಬುದಕ್ಕೆ ಅದೇ ಸಾಕ್ಷಿ. ಅಪಘಾತವಾದರೆ ಪೊಲೀಸ್ ದೂರು, ಸಾವಾಗಿದ್ದರೆ ಮರಣೋತ್ತರ ಪರೀಕ್ಷೆ ಬಿಡಬೇಡಿ. ವಿದ್ಯುತ್ ಪರಿವೀಕ್ಷಣಾಲಯ ಕಾರಣ ವಿಚಾರಿಸುವುದಕ್ಕೂ ಮನೆಯವರು ಪರಿಹಾರ ಕೇಳುವುದಕ್ಕೂ ಆ ಕಾಗದಗಳು ಬೇಕು. ದನ, ಎತ್ತು ಸತ್ತರೂ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿಯೇ ಹೂಳಿ.

ಮನೆ ಕಟ್ಟುವವರಿಗೂ ಒಂದು ಮಾತು. 11 ಕೆ.ವಿ. ತಂತಿ ಕಟ್ಟಡದ ಪಕ್ಕದಲ್ಲಿ ಹಾದರೆ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ತಾರಸಿಯ ಮೇಲೆ ಹಾದರೆ ನೇರಕ್ಕೆ ಕನಿಷ್ಠ 3.7 ಮೀಟರ್ ಅಂತರವಿರಬೇಕು ಎಂಬುದು ನಿಯಮ. ಮೊದಲ ಮಹಡಿ ಏರಿಸುವ ಮುಂಚೆ ಈ ಅಳತೆ ನೋಡಿ. ಲೈನ್ ಸರಿಸಬೇಕಾದರೆ ಅರ್ಜಿ ಕೊಟ್ಟು ಸರಿಸಿದ ಮೇಲೆಯೇ ಕಬ್ಬಿಣದ ಸರಳು ಮೇಲೆತ್ತಿ.

ಗುಂಪಿಗೆ ಕಳಿಸಲು ಇಷ್ಟು ಸಾಕು

ಇಡೀ ಲೇಖನ ಓದಲು ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ. ಮುಂದಿನ ಸಾಲುಗಳನ್ನು ಮಾತ್ರ ನಕಲು ಮಾಡಿ ನಿಮ್ಮ ಊರಿನ ಗುಂಪಿಗೆ ಹಾಕಿ.

ಬಿದ್ದ ತಂತಿ ಯಾವಾಗಲೂ ಜೀವಂತ. ಕಿಡಿ ಇಲ್ಲದಿದ್ದರೂ, ಊರಲ್ಲಿ ಕರೆಂಟ್ ಇಲ್ಲದಿದ್ದರೂ ಹದಿನೈದು ಹೆಜ್ಜೆ ದೂರ ನಿಲ್ಲಿ, ದನಗಳನ್ನೂ ದೂರ ಹಿಡಿಯಿರಿ.
ಕಂಬದ ತಂತಿಯನ್ನು ಕೋಲಿನಿಂದ ಸರಿಸಬೇಡಿ. 1912ಕ್ಕೆ ಕರೆ ಮಾಡಿ.
ಅಲ್ಯೂಮಿನಿಯಂ ದೋಟಿ, ಕಾರ್ಬನ್ ಫೈಬರ್ ದೋಟಿ, ಬೋರ್ ಪೈಪು ಮೂರಕ್ಕೂ ಕರೆಂಟ್ ಹತ್ತುತ್ತದೆ. ಲೈನ್ ಬಂದ್ ಮಾಡಿಸದೆ ತಂತಿಯ ಹತ್ತಿರ ಎತ್ತಬೇಡಿ.
ಬೇಲಿಗೆ ಲೈನ್ ಕರೆಂಟ್ ಕೊಡಬೇಡಿ. ಕಂಬಕ್ಕೆ, ಕಂಬದ ಎಳೆತಂತಿಗೆ ದನ ಕಟ್ಟಬೇಡಿ, ಬಟ್ಟೆ ಒಣಹಾಕಬೇಡಿ.
ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ.
ಶಾಕ್ ಹೊಡೆದವರನ್ನು ಹೂಳಬೇಡಿ. ಕರೆಂಟ್ ಬಂದ್ ಮಾಡಿ, 108ಕ್ಕೆ ಕರೆ ಮಾಡಿ, ಉಸಿರಿಲ್ಲದಿದ್ದರೆ ಎದೆ ಒತ್ತಿ.